ಹೊಡೆದು ಹಾಕಿದ ಗುರುವಾರ

ಆ ಕೆಲಸ ನಮ್ಮ ಕೈಗೆ ಬಂದಾಗ ಕಂಪನಿಯಲ್ಲಿ ನನ್ನ ಒಂದು ವರ್ಷ ಮುಗಿಯಲು ಆರು ವಾರ ಬಾಕಿ ಇತ್ತು. ಕಂಪನಿ ಎಂದರೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಔಷಧಿ ಅಂಗಡಿಯೊಂದರ ಮೇಲಿದ್ದ ಎರಡು ಕೋಣೆಗಳು. ಮಾಲೀಕರು, ಟೀಮ್ ಲೀಡ್, ನಾನು, ಇನ್ನಿಬ್ಬರು. ಶಾಲೆಗಳಿಗೆ, ನರ್ಸಿಂಗ್ ಹೋಮ್‌ಗಳಿಗೆ, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ನಾನು ದಿನವೂ ಕುಣಿಗಲ್‌ನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಕುಣಿಗಲ್‌ನಲ್ಲಿಯೇ ಒಂದು ಕಾಲೇಜಿನಲ್ಲಿ ವೆಬ್ ಲ್ಯಾಬ್ ನೋಡಿಕೊಳ್ಳುವ ಹುದ್ದೆಗೆ ಅರ್ಜಿ ಕರೆದಿದ್ದರು. ಎಂ.ಎಸ್ಸಿ. ಪದವಿ ನನ್ನಲ್ಲಿತ್ತು. ಇಲ್ಲದ್ದು ಒಂದೇ, ವೆಬ್ ಡೆವಲಪರ್ ಆಗಿ ಒಂದು ವರ್ಷ ಕೆಲಸ ಮಾಡಿದ್ದೇನೆ ಎಂಬ ಅನುಭವ ಪತ್ರ. ನಮ್ಮಲ್ಲಿ ಆ ಪತ್ರಕ್ಕೆ ಸಹಿ ಹಾಕುವವರು ಮಾಲೀಕರು. ಕರಡು ಬರೆಯುವವನು ಲೀಡ್. ಆಫೀಸಿನಲ್ಲಿ ನಾನು ಅವನನ್ನು ಸಾರ್ ಎಂದೇ ಕರೆಯುತ್ತಿದ್ದೆ. ಇಲ್ಲಿ ಅವನು ಎಂದು ಬರೆಯುವ ಸ್ವಾತಂತ್ರ್ಯ ತೆಗೆದುಕೊಂಡಿದ್ದೇನೆ.

ಕೆಲಸ ಕೊಟ್ಟದ್ದು ಗುಬ್ಬಿಯಲ್ಲಿ ಕಚೇರಿ ಇದ್ದ ಒಂದು ಟ್ರಸ್ಟ್. ಅವರು ಹೋಬಳಿಗಳಲ್ಲಿ ಕಣ್ಣಿನ ಶಿಬಿರ ನಡೆಸಿ, ಪೊರೆ ಬಂದವರನ್ನು ಆರಿಸಿ, ಆಪರೇಷನ್ನಿಗೆ ವ್ಯಾನಿನಲ್ಲಿ ತುಮಕೂರಿಗೆ ಕರೆತರುತ್ತಿದ್ದರು. ಅವರಿಗೆ ಎರಡು ಬೇಕಿತ್ತು. ಒಂದು, ಯಾವ ಊರಿನಲ್ಲಿ ಯಾವ ದಿನ ಶಿಬಿರ ಎಂದು ತೋರಿಸುವ ಪುಟ. ಇನ್ನೊಂದು, ಶಿಬಿರದ ಹಿಂದಿನ ದಿನ ಹೆಸರು ಬರೆಸಿದವರ ಫೋನಿಗೆ ತಾನಾಗಿಯೇ ಹೋಗುವ ಧ್ವನಿ ಕರೆ. ಕಣ್ಣು ಮಂಜಾದವರಿಗೆ ಮೆಸೇಜ್ ಕಳಿಸಿ ಏನು ಪ್ರಯೋಜನ? ಪುಟ ನನ್ನ ಪಾಲಿಗೆ ಬಂತು, ಕರೆ ಕಳಿಸುವ ಪ್ರೋಗ್ರಾಂ ಲೀಡ್‌ನ ಪಾಲಿಗೆ.

ಮೊದಲ ಮಾತುಕತೆ ಗುಬ್ಬಿಯಲ್ಲಿ. ಟ್ರಸ್ಟಿನ ಪರವಾಗಿ ಶಿಬಿರಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರ ಮುಂದೆ ಉದ್ದನೆಯ ರಿಜಿಸ್ಟರ್ ಇತ್ತು. ಅದನ್ನು ನನ್ನ ಕಡೆ ತಿರುಗಿಸಿದರು.

"ನೋಡಮ್ಮಾ, ಇಷ್ಟು ವರ್ಷ ಹಾಜರಿ ಪುಸ್ತಕ ಬರ್ದಿರೋ ಕೈ ಇದು. ತಪ್ಪಾದ್ರೆ ಅಳಿಸೋ ಹಂಗಿಲ್ಲ, ವೈಟ್ನರ್ ಮುಟ್ಟೋ ಹಂಗಿಲ್ಲ. ಒಂದೇ ಗೆರೆ ಹೊಡೀಬೇಕು, ಕೆಳಗಿಂದು ಕಾಣ್ತಿರ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರ್ದು ಚಿಕ್ಕ ಸಹಿ ಹಾಕ್ಬೇಕು. ನಿಮ್ ಕಂಪ್ಯೂಟರ್‌ನಲ್ಲೂ ಹಂಗೇ ಇರ್ಲಿ. ದಿನ ಬದಲಾದ್ರೆ ಹಳೇದನ್ನ ಮಾಯ ಮಾಡ್ಬೇಡಿ. ಮಾಡಿದ್ರೆ ಊರವ್ರು ಜಗಳಕ್ಕೆ ಬರ್ತಾರೆ, ಮೊದ್ಲು ಬೇರೆ ದಿನ ಹೇಳಿದ್ರಲ್ಲ ಅಂತ. ಹೌದಪ್ಪಾ ಹೇಳಿದ್ವಿ, ಇಲ್ನೋಡು ಬದಲಾಗೈತೆ, ಅನ್ನೋಕೆ ಇರ್ಬೇಕು."

ನಾನು ಉತ್ತರಿಸುವ ಮೊದಲೇ ಲೀಡ್ ನಕ್ಕ. "ಅದೆಲ್ಲಾ ಇವ್ರು ಮಾಡ್ತಾರೆ ಬಿಡಿ ಮೇಷ್ಟ್ರೇ. ಗೆರೆ, ಬಣ್ಣ, ಡಬ್ಬಿ. ನಮ್ಮ ಆಫೀಸಿನ ರಂಗೋಲಿ ಮೇಡಂ ಇವ್ರು. ಪ್ರೋಗ್ರಾಂ ಏನಿದ್ರೂ ನಂದೇ."

ಟ್ರಸ್ಟಿನ ಇಬ್ಬರು ನಕ್ಕರು. ಮಾಲೀಕರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರಿಗೆ ಮಾತು ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ನಗಲಿಲ್ಲವೋ ತಿಳಿಯದು. ಅಂದಿನಿಂದ ಆಫೀಸಿನಲ್ಲಿ ನನ್ನ ಹೆಸರು ರಂಗೋಲಿ ಮೇಡಂ ಎಂದೇ ಆಯಿತು. ಆ ಹೆಸರನ್ನು ನಾನು ಪ್ರತಿಭಟಿಸಲಿಲ್ಲ. ಜೋಪಾನವಾಗಿ ಇಟ್ಟುಕೊಂಡೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ವೆಬ್ ಪುಟ ಬರೆಯುತ್ತಿದ್ದ ಎಚ್‌ಟಿಎಂಎಲ್ ಪ್ರೋಗ್ರಾಮಿಂಗ್ ಭಾಷೆಯಲ್ಲ. ನಾನು ಓದಿದ ಕಾಲೇಜಿನ ಲ್ಯಾಬ್ ಪುಸ್ತಕದಲ್ಲಿ 'ಎಚ್‌ಟಿಎಂಎಲ್ ಪ್ರೋಗ್ರಾಂ ಬರೆಯಿರಿ' ಎಂದೇ ಅಚ್ಚಾಗಿತ್ತು. ಅದು ತಪ್ಪು. ಎಚ್‌ಟಿಎಂಎಲ್ ಗುರುತು ಹಾಕುವ ಭಾಷೆ, ಮಾರ್ಕಪ್. ಇದು ತಲೆಬರಹ, ಇದು ಊರು, ಇದು ದಿನಾಂಕ ಎಂದು ಹೇಳಿ ಸುಮ್ಮನಾಗುತ್ತದೆ. ಕೂಡುವುದಿಲ್ಲ, ಹೋಲಿಸುವುದಿಲ್ಲ, ಹೀಗಿದ್ದರೆ ಹಾಗೆ ಮಾಡು ಎನ್ನುವುದಿಲ್ಲ. ಆ ಕೆಲಸ ಪ್ರೋಗ್ರಾಮಿಂಗ್ ಭಾಷೆಯದು. ಅದು ಓದುತ್ತದೆ, ತೀರ್ಮಾನ ತೆಗೆದುಕೊಳ್ಳುತ್ತದೆ, ತೀರ್ಮಾನಿಸಿದ್ದನ್ನು ಮಾಡಿಯೂ ಬಿಡುತ್ತದೆ. ನಾನು ಎರಡನ್ನೂ ಕಲಿತಿದ್ದೆ, ಕಂಪನಿಯಲ್ಲಿ ಕೈಗೆ ಕೊಟ್ಟದ್ದು ಮೊದಲನೆಯದನ್ನು ಮಾತ್ರ. ಹಾಗಾಗಿ ಲೀಡ್ ಹೇಳುತ್ತಿದ್ದ ಸಂಗತಿ ಸರಿಯಾಗಿಯೇ ಇತ್ತು. ಏನನ್ನೂ ಮಾಡದ್ದಕ್ಕೆ ಯಾವ ಅರ್ಥವೂ ಇಲ್ಲ ಎಂದು ಅವನು ಅದರಿಂದ ಮಾಡಿಕೊಂಡ ತೀರ್ಮಾನ ಮಾತ್ರ ತಪ್ಪಾಗಿತ್ತು.

ಪುಟವನ್ನು ನಾಲ್ಕು ದಿನದಲ್ಲಿ ಮುಗಿಸಿದೆ. ಒಂದೊಂದು ಶಿಬಿರಕ್ಕೆ ಒಂದು ಸಾಲು: ಊರು, ದಿನಾಂಕ, ಸ್ಥಳ, ಸಮಯ. ದಿನ ಬದಲಾದರೆ ಹಳೆಯದು ಅಲ್ಲೇ ಇರುತ್ತದೆ, ಅದರ ಮೇಲೆ ಗೆರೆ ಬೀಳುತ್ತದೆ, ಪಕ್ಕದಲ್ಲಿ ಹೊಸ ದಿನ ಬರುತ್ತದೆ. ಬರೀ ನೋಟಕ್ಕೆ ಗೆರೆ ಎಳೆಯುವ ಸುಲಭದ ದಾರಿ ಬೇರೆ ಇದೆ. ನಾನು ಅದನ್ನು ಬಿಟ್ಟು, 'ಇದು ರದ್ದಾದದ್ದು' ಎಂದೇ ಹೇಳುವ ಗುರುತನ್ನು ಹಳೆಯ ದಿನಾಂಕಕ್ಕೂ 'ಇದು ಹೊಸದಾಗಿ ಸೇರಿಸಿದ್ದು' ಎಂದು ಹೇಳುವ ಗುರುತನ್ನು ಹೊಸ ದಿನಾಂಕಕ್ಕೂ ಹಾಕಿದೆ. ಕಣ್ಣಿದ್ದವರಿಗೆ ಗೆರೆ ಕಾಣುತ್ತದೆ. ಕಣ್ಣಿಲ್ಲದ ಯಂತ್ರಕ್ಕೆ ಗುರುತು ಕಾಣುತ್ತದೆ. ಮೇಷ್ಟ್ರ ರಿಜಿಸ್ಟರಿನ ಪದ್ಧತಿಯೇ ಇದು. ಚಿಕ್ಕ ಸಹಿಯ ಜಾಗವನ್ನೂ ಬಿಟ್ಟಿದ್ದೆ, ಬದಲಾಯಿಸಿದವರ ಹೆಸರಿನ ಎರಡಕ್ಷರ ಬರುವಂತೆ.

ಲೀಡ್‌ನ ಪ್ರೋಗ್ರಾಂ ಪ್ರತಿದಿನ ಮಧ್ಯಾಹ್ನ ನಾಲ್ಕಕ್ಕೆ ತಾನಾಗಿ ನಡೆಯುವಂತಿತ್ತು. ಅದು ನನ್ನ ಪುಟವನ್ನು ಓದುತ್ತದೆ, ನಾಳೆಯ ದಿನಾಂಕ ಯಾವ ಸಾಲಿನಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕರೆ ಆ ಊರಿನ ಪಟ್ಟಿಯಲ್ಲಿರುವ ಎಲ್ಲರ ಫೋನಿಗೂ ಮೊದಲೇ ಧ್ವನಿಮುದ್ರಿಸಿದ ಹೆಣ್ಣು ದನಿಯಲ್ಲಿ ಕರೆ ಹೋಗುತ್ತದೆ. ಕರೆಯ ಕೊನೆಯಲ್ಲಿ ವಿಚಾರಣೆಗೆ ಒಂದು ನಂಬರ್. ಆ ನಂಬರ್ ಲೀಡ್‌ನದೇ. "ಪ್ರೋಗ್ರಾಂ ನಂದು, ಫೋನೂ ನನಗೇ ಬರ್ಲಿ" ಎಂದು ಅವನೇ ಹಾಕಿಕೊಂಡಿದ್ದ.

ಮೊದಲ ಪರೀಕ್ಷೆಯ ದಿನ ಅವನ ಹಿಂದೆ ನಿಂತು ಓದಿದೆ. ಪುಟ ಕೈಗೆ ಬಂದ ತಕ್ಷಣ ಅವನ ಪ್ರೋಗ್ರಾಂ ಮಾಡುತ್ತಿದ್ದ ಮೊದಲ ಕೆಲಸ, ಗುರುತು ಹೇಳುವ ಎಲ್ಲ ಟ್ಯಾಗ್‌ಗಳನ್ನೂ ಗುಡಿಸಿ ಹಾಕುವುದು. ಉಳಿದ ಬರಿಯ ಅಕ್ಷರಗಳಲ್ಲಿ ದಿನಾಂಕ ಹುಡುಕುವುದು.

"ಸಾರ್, ಟ್ಯಾಗ್ ತೆಗೆದುಬಿಟ್ರೆ ಹೊಡೆದು ಹಾಕಿರೋ ದಿನಾಂಕಾನೂ ಮಾಮೂಲಿ ದಿನಾಂಕ ಆಗುತ್ತೆ."

"ಯಾವಾಗ್ಲೋ ಒಂದ್ಸಲ ಬದಲಾಗೋದಕ್ಕೆ ಇಷ್ಟೊಂದು ತಲೆ ಬಿಸಿ ಯಾಕಮ್ಮ?"

"ಬದಲಾದ ದಿನ ತಪ್ಪು ಕರೆ ಹೋಗುತ್ತೆ."

ಅವನು ಕುರ್ಚಿ ತಿರುಗಿಸಿ ಉಳಿದ ಇಬ್ಬರನ್ನು ನೋಡಿದ. "ಕೇಳಿದ್ರಾ? ರಂಗೋಲಿ ಅಳಿಸಿದ್ರೆ ಮನೆ ಬಿದ್ದೋಗುತ್ತಂತೆ." ಆಮೇಲೆ ನನ್ನ ಕಡೆ, "ನೀನು ನಿನ್ ಪೇಜ್ ನೋಡ್ಕೋ ಸಾಕು."

ನಮ್ಮಲ್ಲಿ ಎಲ್ಲರೂ ಬರೆಯುವ ಒಂದು ಕೆಲಸದ ಪಟ್ಟಿ ಇತ್ತು. ಅದರಲ್ಲಿ ಒಂದು ಸಾಲು ಬರೆದೆ: 'ರದ್ದಾದ ದಿನಾಂಕದ ಗುರುತನ್ನು ಪ್ರೋಗ್ರಾಂ ನೋಡುತ್ತಿಲ್ಲ. ತಪ್ಪು ಕರೆ ಹೋಗುವ ಸಾಧ್ಯತೆ.' ಅರ್ಧ ಗಂಟೆಯಲ್ಲಿ ಲೀಡ್ ಅದರ ಮುಂದೆ 'ಅಗತ್ಯವಿಲ್ಲ' ಎಂದು ಬರೆದು ಮುಚ್ಚಿದ.

ಎರಡು ವಾರ ಶಿಬಿರಗಳು ನಡೆದವು. ಗುಬ್ಬಿ, ಸಿ.ಎಸ್. ಪುರ, ಮತ್ತೆ ಗುಬ್ಬಿ. ಒಂದೂ ಬದಲಾಗಲಿಲ್ಲ. ಕರೆಗಳು ಸರಿಯಾಗಿ ಹೋದವು, ಟ್ರಸ್ಟಿನವರು ಮಾಲೀಕರಿಗೆ ಫೋನ್ ಮಾಡಿ ಹೊಗಳಿದರು, ಮಾಲೀಕರು ಲೀಡ್‌ನ ಬೆನ್ನು ತಟ್ಟಿದರು. ಆ ವಾರವೇ ನನ್ನ ಅನುಭವ ಪತ್ರ ಲೆಟರ್‌ಹೆಡ್‌ನಲ್ಲಿ ಅಚ್ಚಾಗಿ ಮಾಲೀಕರ ಮೇಜಿನ ಮೇಲೆ ಕೂತಿತು. ಸಹಿಗೆ ಮೊದಲು ನನಗೆ ಓದಲು ಕೊಟ್ಟರು. ಹುದ್ದೆ ಎಂಬಲ್ಲಿ 'ಡೇಟಾ ಎಂಟ್ರಿ ಆಪರೇಟರ್' ಎಂದಿತ್ತು.

ಲೀಡ್‌ನ ಬಳಿ ಹೋದೆ. "ಸಾರ್, ಸೇರಿದಾಗ ವೆಬ್ ಡೆವಲಪರ್ ಅಂದಿದ್ರಿ."

"ಡೆವಲಪರ್ ಅಂದ್ರೆ ಪ್ರೋಗ್ರಾಂ ಬರೆಯೋರು ಕಣಮ್ಮ. ನೀನು ಒಂದು ವರ್ಷದಲ್ಲಿ ಬರ್ದಿರೋದು ಮಾರ್ಕಪ್ಪು. ಸುಳ್ಳು ಬರ್ದು ಕೊಡಕ್ಕಾಗುತ್ತಾ? ನಾಳೆ ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹೇಳ್ಬೇಕು."

ಸರಿ ಸಾರ್ ಎಂದೆ. ಮಾಲೀಕರಿಗೆ, ಪತ್ರ ತಿಂಗಳ ಕೊನೆಗೆ ಸಾಕು, ಅಲ್ಲಿಯವರೆಗೆ ಸಹಿ ಹಾಕಬೇಡಿ ಎಂದೆ. ಆ ದಿನದಿಂದ ನಾನು ಒಂದು ಶಿಬಿರ ಮುಂದಕ್ಕೆ ಹೋಗಲಿ ಎಂದು ಕಾಯತೊಡಗಿದೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮೊದಲು ನೋಡುತ್ತಿದ್ದುದು ಮೇಷ್ಟ್ರ ಮೆಸೇಜ್ ಬಂದಿದೆಯೇ ಎಂದು. ಒಂದೇ ಒಂದು ದಿನ ಬದಲಾದರೆ ಸಾಕಿತ್ತು. ಇದು ಒಳ್ಳೆಯ ಆಸೆಯಲ್ಲ ಎಂಬುದು ಗೊತ್ತಿತ್ತು, ಆದರೂ ಕಾಯುವುದನ್ನು ಬಿಡಲಿಲ್ಲ.

ನನ್ನ ಒಂದು ವರ್ಷ ಮುಗಿದ ವಾರದ ಬುಧವಾರ ಹನ್ನೆರಡು ಗಂಟೆಗೆ ಮೇಷ್ಟ್ರ ಫೋನ್ ಬಂತು. ನಾಳೆ, ಗುರುವಾರ, ಚೇಳೂರಿನ ಸಮುದಾಯ ಭವನದಲ್ಲಿ ನಡೆಯಬೇಕಿದ್ದ ಶಿಬಿರ ಮುಂದಿನ ಮಂಗಳವಾರಕ್ಕೆ ಹೋಗಿದೆ, ಡಾಕ್ಟರಿಗೆ ಬೇರೆ ಕಡೆ ಡ್ಯೂಟಿ ಬಿದ್ದಿದೆ ಎಂದರು. ನಾನು ಪುಟ ತೆರೆದು ಬದಲಾಯಿಸಿದೆ. ಗುರುವಾರದ ಮೇಲೆ ಗೆರೆ, ಪಕ್ಕದಲ್ಲಿ ಮಂಗಳವಾರ, ಮೇಷ್ಟ್ರ ಹೆಸರಿನ ಎರಡಕ್ಷರ. ಎಲ್ಲವೂ ನಾವು ಮಾತಾಡಿಕೊಂಡ ಹಾಗೆಯೇ ಇತ್ತು. ನಾಲ್ಕು ಗಂಟೆಗೆ ಏನಾಗುತ್ತದೆ ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಲೀಡ್ ಎರಡು ಮೇಜು ಆಚೆ ಕೂತಿದ್ದ. ಹೇಳಿದ್ದರೆ ಐದು ನಿಮಿಷದಲ್ಲಿ ಆ ದಿನದ ಕರೆಗಳನ್ನು ಕೈಯಿಂದಲೇ ನಿಲ್ಲಿಸುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರೋಗ್ರಾಂ ಹಾಗೇ ಇರುತ್ತಿತ್ತು, ನನ್ನ ಪತ್ರವೂ ಹಾಗೇ ಇರುತ್ತಿತ್ತು. ಹೇಳದಿದ್ದರೆ ಪಟ್ಟಿಯಲ್ಲಿದ್ದ ಮೂವತ್ತೊಂದು ಜನ ಮುದುಕರು ಮಾರನೆಯ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬೀಗ ಹಾಕಿದ ಬಾಗಿಲಿಗೆ ಬರುತ್ತಾರೆ.

ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ನನ್ನ ಫೋನ್ ತೆಗೆದುಕೊಂಡು ಮೆಟ್ಟಿಲಿಗೆ ಹೋಗಿ ಮೇಷ್ಟ್ರಿಗೆ ಕರೆ ಮಾಡಿದೆ.

"ಮೇಷ್ಟ್ರೇ, ನಾಲ್ಕು ಗಂಟೆಗೆ ಮಿಷನ್‌ನಿಂದ ತಪ್ಪು ಕರೆ ಹೋಗುತ್ತೆ, ಗುರುವಾರ ಅಂತ. ಅದಕ್ಕೆ ಮೊದಲೇ ನಾವಿಬ್ರೂ ಎಲ್ರಿಗೂ ಫೋನ್ ಮಾಡಿ ಮಂಗಳವಾರ ಅಂತ ಹೇಳಿಬಿಡೋಣ. ಅರ್ಧ ಪಟ್ಟಿ ನಿಮ್ಗೆ, ಅರ್ಧ ನನಗೆ."

"ತಪ್ಪು ಹೋಗುತ್ತೆ ಅಂತ ಈಗ್ಲೇ ಗೊತ್ತಿದ್ರೆ ನಿಲ್ಸಕ್ಕಾಗಲ್ವೇನಮ್ಮಾ?"

"ನಿಲ್ಸೋದು ನನ್ನ ಕೆಲಸ ಅಲ್ವಂತೆ ಮೇಷ್ಟ್ರೇ."

ಮೊದಲ ಹದಿನಾರು ಹೆಸರು ತಮಗೆ ಎಂದು ಹೇಳಿ ಅವರು ಫೋನ್ ಇಟ್ಟರು. ನಾನು ಊಟಕ್ಕೆ ಹೋಗುತ್ತೇನೆಂದು ಹೇಳಿ ಔಷಧಿ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಕೂತು ಹದಿನೈದು ನಂಬರಿಗೆ ಕರೆ ಮಾಡಿದೆ. ಮೂರೂವರೆಗೆ ಇಬ್ಬರ ಪಟ್ಟಿಯನ್ನೂ ಒಟ್ಟು ಮಾಡಿದಾಗ ಇಬ್ಬರು ಮಾತ್ರ ಸಿಕ್ಕಿರಲಿಲ್ಲ. ಒಬ್ಬರ ಫೋನ್ ಸ್ವಿಚ್ ಆಫ್, ಇನ್ನೊಬ್ಬರದು ತಪ್ಪು ನಂಬರ್.

ನಾಲ್ಕು ಗಂಟೆಗೆ ಪ್ರೋಗ್ರಾಂ ನಡೆಯಿತು. ನಾನು ನನ್ನ ಮೇಜಿನಲ್ಲಿದ್ದೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಲೀಡ್‌ನ ಫೋನ್ ಬಡಿದುಕೊಂಡಿತು. ಅವನು ಎತ್ತಿ ಹಲೋ ಅನ್ನುವಷ್ಟರಲ್ಲಿ ಆ ಕಡೆಯ ದನಿ ಇಡೀ ಕೋಣೆಗೆ ಕೇಳಿತು.

"ಯಾವನ್ಲಾ ನೀನು? ಮೇಷ್ಟ್ರು ಮಂಗಳವಾರ ಅಂತಾರೆ, ನಿನ್ ಹೆಂಗ್ಸು ಗುರುವಾರ ಅಂತಾಳೆ. ಇಬ್ರೂ ಕೂತು ಮಾತಾಡ್ಕಂಡು ಯಾವ್ದಾರಾ ಒಂದು ಯೋಳ್ರಲಾ!"

ಅದನ್ನು ಇಡುವಷ್ಟರಲ್ಲಿ ಇನ್ನೊಂದು. ಅದಾದ ಮೇಲೆ ಮತ್ತೊಂದು. ಮಾಲೀಕರು ಒಳಗಿನ ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಲೀಡ್‌ನ ಕಿವಿ ಕೆಂಪಾಗಿತ್ತು. "ಇಲ್ಲ ತಾತ, ಅದು ಸಿಸ್ಟಂದು... ಅಲ್ಲ ತಾತ, ನಾನೇ... ಬೈಬೇಡಿ ತಾತ..." ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಷ್ಟು ಹಿತವಾದ ಮಧ್ಯಾಹ್ನವನ್ನು ನಾನು ಆ ಆಫೀಸಿನಲ್ಲಿ ಹಿಂದೆಂದೂ ಕಳೆದಿರಲಿಲ್ಲ.

ಮಾರನೆಯ ದಿನ ಕುಣಿಗಲ್‌ನಿಂದ ಮೊದಲ ಬಸ್ಸಿಗೆ ಹೊರಟು, ತುಮಕೂರಿನಲ್ಲಿ ಬದಲಾಯಿಸಿ, ಗುಬ್ಬಿಯಿಂದ ಮೇಷ್ಟ್ರ ಜೊತೆ ಚೇಳೂರಿಗೆ ಹೋದೆ. ಸಿಗದ ಇಬ್ಬರಲ್ಲಿ ಯಾರಾದರೂ ಬಂದರೆ ಬಾಗಿಲಲ್ಲಿ ಒಬ್ಬರಾದರೂ ಇರಬೇಕಿತ್ತು. ಭವನದ ಗೇಟಿಗೆ ಬೀಗ. ಒಂಬತ್ತರ ಹೊತ್ತಿಗೆ ಆಟೋದಿಂದ ಒಬ್ಬ ಅಜ್ಜಿ ಇಳಿದರು. ಕೈಯಲ್ಲಿ ಬುತ್ತಿಗಂಟು, ಕಂಕುಳಲ್ಲಿ ಮಡಿಸಿದ ಕಂಬಳಿ. ಆಪರೇಷನ್ ಆದರೆ ರಾತ್ರಿ ಉಳಿಯಬೇಕಾಗುತ್ತದೆ ಎಂದು ಸಿದ್ಧರಾಗಿಯೇ ಬಂದಿದ್ದರು. ಗೇಟನ್ನು ಕೈಯಿಂದ ತಡವಿ ಬೀಗ ಮುಟ್ಟಿ ನೋಡಿದರು.

"ಅಜ್ಜಿ, ಶಿಬಿರ ಮಂಗಳವಾರಕ್ಕೆ ಹೋಗಿದೆ," ಎಂದೆ.

"ಮಂಗಳವಾರನಾ? ನೆನ್ನೆ ಸಂಜೆ ಫೋನ್ನಾಗೆ ಆ ಹೆಂಗ್ಸು ಗುರುವಾರ ಅಂತ ಯೋಳ್ತಲ್ಲ."

"ಮಧ್ಯಾಹ್ನ ನಾವೂ ಮಾಡಿದ್ವಿ ಅಜ್ಜಿ, ಫೋನ್ ಆಫ್ ಆಗಿತ್ತು."

"ಮೊಮ್ಮಗ ವಲದ ತಾವ ತಕಂಡೋಗಿದ್ದ. ಅದಿರ್ಲಿ, ಆಯಮ್ಮ ಯಾಕೆ ಅಂಗಂದ್ಲು?"

"ಅದು ಹೆಂಗಸಲ್ಲ ಅಜ್ಜಿ, ಮಿಷನ್ನು."

"ಮಿಷನ್ನಾದ್ರೇನು, ಯೋಳ್ಕೊಟ್ಟಿರಾದು ಮನುಸ್ರೇ ತಾನೆ? ನೀನೇನಾ ಯೋಳ್ಕೊಟ್ಟಿದ್ದು?"

"ನಾನಲ್ಲ." ಇದು ನಿಜ.

ಅಜ್ಜಿ ಮಂಜುಗಣ್ಣನ್ನು ನನ್ನ ದನಿ ಬಂದ ಕಡೆ ತಿರುಗಿಸಿದರು. "ಮತ್ತೆ ನೀನ್ಯಾಕವ್ವ ಇಷ್ಟೊತ್ಗೇ ಬಂದು ಬಾಗ್ಲಲ್ಲಿ ನಿಂತಿದ್ದೀಯಾ? ಇಂಗಾಯ್ತದೆ ಅಂತ ಮೊದ್ಲೇ ಗೊತ್ತಿತ್ತಾ?"

ಮೇಷ್ಟ್ರು ರಸ್ತೆಯ ಕಡೆ ನೋಡುತ್ತಿದ್ದರು. ನನಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ.

"ಗೊತ್ತಿತ್ತು ಅಜ್ಜಿ."

"ಗೊತ್ತಿದ್ದೂ ಬುಟ್ಯಲ್ಲಾ," ಎಂದರು. ಬೈಗುಳವೇನೂ ಇರಲಿಲ್ಲ ಆ ದನಿಯಲ್ಲಿ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದರು. "ಉಪ್ಪಿಟ್ಟು ಐತೆ. ಆಟೋ ಸಿಗೋಗಂಟ ತಿನ್ನಿ. ಮಂಗಳವಾರ ಮೊದಲ್ನೇ ಚೀಟಿ ನಂಗೇ ಕೊಡ್ಬೇಕು, ಈಗ್ಲೇ ಯೋಳಿವ್ನಿ."

ತಿಂದೆ. ಮಂಗಳವಾರದ ಮೊದಲ ಚೀಟಿ ಅವರದೇ ಎಂದು ಮಾತು ಕೊಟ್ಟೆ. ಆದರೂ ಆ ಬುಧವಾರ ಮತ್ತೆ ಬಂದರೆ ಲೀಡ್‌ಗೆ ಹೇಳುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡಾಗ, ಹೌದು ಎಂಬ ಉತ್ತರ ಬರಲಿಲ್ಲ.

ಶುಕ್ರವಾರ ಮೇಷ್ಟ್ರು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಆಫೀಸಿಗೆ ಬಂದರು. ಮಾಲೀಕರ ಕೋಣೆಯಲ್ಲಿ ನಾಲ್ವರೂ ಕೂತೆವು. ಲೀಡ್ ಮೊದಲೇ ಸಿದ್ಧನಾಗಿದ್ದ.

"ಸಾರ್, ಪ್ರೋಗ್ರಾಂದು ಏನೂ ತಪ್ಪಿಲ್ಲ. ಹಳೇ ದಿನಾಂಕ ಪೇಜಲ್ಲೇ ಇತ್ತು. ಇವ್ಳು ಅಳಿಸಿರ್ಲಿಲ್ಲ. ಪೇಜಲ್ಲಿ ಇದ್ದಿದ್ದನ್ನ ಪ್ರೋಗ್ರಾಂ ಓದಿದೆ ಅಷ್ಟೆ."

ನಾನು ಲ್ಯಾಪ್‌ಟಾಪನ್ನು ಮೇಷ್ಟ್ರ ಮುಂದೆ ಇಟ್ಟೆ. "ಮೇಷ್ಟ್ರೇ, ಚೇಳೂರಿನ ಸಾಲು ಒಂದ್ಸಲ ಓದಿ."

ಅವರು ಕನ್ನಡಕ ಸರಿಮಾಡಿಕೊಂಡರು. "ಚೇಳೂರು. ಮಂಗಳವಾರ. ಸಮುದಾಯ ಭವನ. ಒಂಬತ್ತು ಗಂಟೆ."

"ಗುರುವಾರ ಅಂತ ಇದೆಯಲ್ಲ, ಅದನ್ನ ಯಾಕೆ ಓದ್ಲಿಲ್ಲ?"

"ಹೊಡ್ದು ಹಾಕಿದೆಯಲ್ಲಮ್ಮ. ಹೊಡ್ದು ಹಾಕಿರೋದನ್ನ ಯಾರಾದ್ರೂ ಓದ್ತಾರಾ?"

ನಾನು ಕೆಲಸದ ಪಟ್ಟಿಯನ್ನು ತೆರೆದು ಮಾಲೀಕರ ಕಡೆ ತಿರುಗಿಸಿದೆ. ನನ್ನ ಸಾಲು, ಅದರ ಮುಂದೆ ಲೀಡ್‌ನ 'ಅಗತ್ಯವಿಲ್ಲ'. ಆಮೇಲೆ, ಒಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಆಡಿದ ಅತಿ ಉದ್ದದ ಮಾತನ್ನು ಆಡಿದೆ.

"ಸಾರ್, ನಾನು ಬರೆಯೋದು ಮಾರ್ಕಪ್ಪು, ಪ್ರೋಗ್ರಾಂ ಅಲ್ಲ ಅಂತ ಇವ್ರು ಹೇಳ್ತಾರೆ. ಅದು ನಿಜ. ನಾನು ಬರೆದಿದ್ದು ಯಾರಿಗೂ ಫೋನ್ ಮಾಡಿಲ್ಲ. ಈ ದಿನ ರದ್ದಾಗಿದೆ ಅಂತ ಹೇಳಿ ಸುಮ್ನೆ ಕೂತಿತ್ತು. ಇವ್ರದು ಪ್ರೋಗ್ರಾಂ. ಅದು ಆ ಮಾತನ್ನ ಗುಡಿಸಿ ಹಾಕಿ, ತಾನೇ ತೀರ್ಮಾನ ಮಾಡಿ, ಮೂವತ್ತೊಂದು ನಂಬರಿಗೆ ಕರೆ ಕಳಿಸ್ತು. ಮಾಡಿದ್ದೆಲ್ಲಾ ಅದೇ. ಎಲ್ಲಾ ಕೆಲಸ ಅದರದೇ ಅಂತ ಇವ್ರು ಮೊದಲಿಂದ್ಲೂ ಹೇಳ್ತಾನೇ ಇದಾರೆ."

ಮಾಲೀಕರು ಪಟ್ಟಿಯನ್ನು ಎರಡು ಸಲ ಓದಿದರು. "ಇದನ್ನ ನೀನೇ ಏನಯ್ಯಾ ಬರ್ದಿದ್ದು, ಅಗತ್ಯವಿಲ್ಲ ಅಂತ?" ಎಂದು ಕೇಳಿದರು. ಲೀಡ್ ಮೇಜನ್ನು ನೋಡುತ್ತಾ ಹ್ಞೂಂ ಎಂದ.

ಆಮೇಲೆ ಮಾಲೀಕರೇ ಪತ್ರದ ವಿಷಯ ತೆಗೆದರು. ಆ ಪ್ರೋಗ್ರಾಂನ ಆ ಭಾಗವನ್ನು ನಾನೇ ತಿದ್ದಬೇಕು, ಪತ್ರದಲ್ಲಿ ವೆಬ್ ಡೆವಲಪರ್ ಎಂದೇ ಇರಬೇಕು ಎಂದರು. ಲೀಡ್ ಎದ್ದ. "ಹೊಸದಾಗಿ ಪ್ರಿಂಟ್ ತೆಗೀತೀನಿ ಸಾರ್."

"ಬೇಡ ಸಾರ್," ಎಂದೆ. "ಇದನ್ನೇ ತಿದ್ದಿಕೊಡಿ."

"ಗೀಚಿದ ಪತ್ರ ಯಾಕಮ್ಮ? ಹೊಸದಾದ್ರೆ ನೀಟಾಗಿರುತ್ತೆ," ಎಂದರು ಮಾಲೀಕರು.

"ಒಂದೇ ಗೆರೆ ಸಾಕು ಸಾರ್. ಕೆಳಗಿಂದು ಕಾಣ್ತಿರ್ಲಿ. ಪಕ್ಕದಲ್ಲಿ ಸರಿಯಾದ್ದು. ಅದರ ಪಕ್ಕ, ಮೊದಲು ಬರೆದವರ ಚಿಕ್ಕ ಸಹಿ."

ಮೇಷ್ಟ್ರು ಜೇಬಿನಿಂದ ತಮ್ಮ ಪೆನ್ನು ತೆಗೆದು ಲೀಡ್‌ನ ಮುಂದೆ ಇಟ್ಟರು. ಅವನು 'ಡೇಟಾ ಎಂಟ್ರಿ ಆಪರೇಟರ್' ಮೇಲೆ ಗೆರೆ ಎಳೆದ. ಗೆರೆ ಕೊನೆಯಲ್ಲಿ ಕೆಳಗಿಳಿಯಿತು. ಪಕ್ಕದಲ್ಲಿ 'ವೆಬ್ ಡೆವಲಪರ್' ಎಂದು ಬರೆದು ಸಹಿ ಗೀಚಿದ. ಅದರ ಕೆಳಗೆ ಮಾಲೀಕರ ಪೂರ್ತಿ ಸಹಿ ಮತ್ತು ಸೀಲು.

ಬಾಗಿಲ ಹೊರಗೆ ಲೀಡ್ ತಗ್ಗಿದ ದನಿಯಲ್ಲಿ ಕೇಳಿದ. "ಬುಧವಾರ ಮಧ್ಯಾಹ್ನಾನೇ ನಿಂಗೆ ಗೊತ್ತಿತ್ತು, ಅಲ್ವಾ?"

"ನಿಮ್ಗೆ ನಾನು ಮೊದಲನೇ ವಾರಾನೇ ಹೇಳಿದ್ದೆ ಸಾರ್."

ಶನಿವಾರ ಅರ್ಜಿಯ ಜೊತೆ ಪತ್ರವನ್ನು ಲಗತ್ತಿಸಿ ಕುಣಿಗಲ್‌ನ ಕಾಲೇಜಿಗೆ ಕೊಟ್ಟೆ. ಕಚೇರಿಯ ಗುಮಾಸ್ತರು ಗ್ಲಾಸಿನ ಕಿಟಕಿಯ ಆಚೆ ಪತ್ರವನ್ನು ಬೆಳಕಿಗೆ ಹಿಡಿದು, ಗೆರೆಯ ಕೆಳಗಿದ್ದುದನ್ನು ಗಟ್ಟಿಯಾಗಿ ಓದಿ, ಸಹಿಗಳನ್ನು ನೋಡಿದರು. "ತಿದ್ದಿರೋ ಕಡೆ ಸಹಿ ಐತೆ. ನಡೀತದೆ," ಎಂದು ಸ್ವೀಕೃತಿ ಹರಿದುಕೊಟ್ಟರು.

ಮಂಗಳವಾರ ಒಂದು ದಿನ ರಜೆ ಹಾಕಿ ಚೇಳೂರಿಗೆ ಹೋದೆ. ಸಮುದಾಯ ಭವನದ ಬಾಗಿಲು ತೆರೆದಿತ್ತು. ಮೊದಲನೆಯ ಚೀಟಿ ಅಜ್ಜಿಯ ಕೈಯಲ್ಲಿತ್ತು, ಕಂಬಳಿ ಕಂಕುಳಲ್ಲಿ. ನನ್ನ ದನಿ ಕೇಳಿ, "ಬಂದ್ಯಾ? ಇವತ್ತು ಬೀಗ ಇಲ್ಲ, ನೋಡ್ಕಂಡಿವ್ನಿ," ಎಂದರು. ಮಧ್ಯಾಹ್ನ ವ್ಯಾನ್ ಹೊರಡುವಾಗ ಕಿಟಕಿಯ ಪಕ್ಕದಲ್ಲಿ ಕೂತಿದ್ದರು.

ವ್ಯಾನ್ ಹೋದ ಮೇಲೆ ಮೇಷ್ಟ್ರು ರಿಜಿಸ್ಟರ್ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಚೇಳೂರಿನ ಸಾಲಿನಲ್ಲಿ ಗುರುವಾರದ ಮೇಲೆ ಅವರ ಕೈಯ ನೇರ ಗೆರೆ, ಪಕ್ಕದಲ್ಲಿ ಮಂಗಳವಾರ, ಅವರ ಚಿಕ್ಕ ಸಹಿ. ಅದರ ಕೆಳಗೆ ಹೊಸದಾಗಿ ಬರೆದಿದ್ದರು: 'ತಪ್ಪು ಕರೆ ಹೋಗುವುದು ಮುಂಚೆಯೇ ತಿಳಿದಿತ್ತು. ಒಬ್ಬರು ವೃಥಾ ಬಂದು ಹೋದರು.' ಅದರ ಮುಂದೆ ಜಾಗ ಖಾಲಿ ಇತ್ತು.

"ಇಲ್ಲಿ ನಿನ್ ಸಹಿ ಹಾಕಮ್ಮಾ," ಎಂದು ಪೆನ್ನು ಕೊಟ್ಟರು. ಲೀಡ್‌ಗೆ ಕೊಟ್ಟಿದ್ದ ಅದೇ ಪೆನ್ನು.

ಸಾಲನ್ನು ಎರಡು ಸಲ ಓದಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಸಹಿ ಹಾಕಿದೆ. ಅವನದಕ್ಕಿಂತ ನನ್ನದು ನೀಟಾಗಿ ಬಂತು.